ಹಳೆ ಫೋರ್‌ವೀಲ್ ಡ್ರೈವ್ ಗಾಡಿಯ ಪಾಸಿಂಗ್: ಹುಬ್ಬಳ್ಳಿ, ಗದಗ, ಹಾವೇರಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನವಲಗುಂದದ ಎರೆ ಹೊಲಕ್ಕೆ ಓಡಾಡುವ ಜೀಪು, ಕಲಘಟಗಿ ಕಡೆಯ ಹಳೆ ಬೊಲೆರೊ, ಯಾರೋ ಆಸೆಯಿಂದ ಇಟ್ಟುಕೊಂಡ ಜಿಪ್ಸಿ. ಹದಿನೈದು ವರ್ಷ ತುಂಬುತ್ತಾ ಬಂದಾಗ ಇವುಗಳ ಮಾಲೀಕರೆಲ್ಲ ಕೇಳುವುದು ಒಂದೇ: ಪಾಸಿಂಗ್ ಆಗುತ್ತಾ? ಅಂದರೆ, ಆರ್‌ಟಿಒ ತಪಾಸಣೆಯಲ್ಲಿ ಗಾಡಿ ಪಾಸಾಗಿ ಆರ್‌ಸಿ (ನೋಂದಣಿ ಪತ್ರ) ಮುಂದುವರಿಯುತ್ತಾ? "ಎಂಜಿನ್ ಗಟ್ಟಿ ಐತ್ರೀ" ಎಂದು ಧೈರ್ಯದಿಂದ ಹೋದವರೂ ಎಷ್ಟೋ ಸಲ ವಾಪಸ್ ಬರುತ್ತಾರೆ. ಅವರನ್ನು ಕೆಡಿಸಿದ್ದು ಎಂಜಿನ್ ಆಗಿರುವುದು ಕಡಿಮೆ. ಯಾರೂ ಬಗ್ಗಿ ನೋಡದ ಆಯಿಲ್ ಸೀಲು, ಸ್ಟೇರಿಂಗ್ ಆಟ (ಸಡಿಲಿಕೆ), ಆರ್‌ಸಿಗೂ ಗಾಡಿಗೂ ತಾಳೆಯಾಗದ ಒಂದು ನಂಬರು, ಇಂಥವೇ ಜಾಸ್ತಿ.

ನನ್ನದು ಬಿಳಿ ಬೋರ್ಡಿನ ಸ್ವಂತ ಗಾಡಿ. ನನಗೂ ಪಾಸಿಂಗ್ ಬೇಕಾ?

ಬೇಕು, ಆದರೆ ಪ್ರತಿ ವರ್ಷ ಬೇಡ. ಸ್ವಂತ ಗಾಡಿಯ ನೋಂದಣಿ ಮೊದಲ ಸಲ 15 ವರ್ಷಕ್ಕೆ ಇರುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ರಿನ್ಯೂವಲ್. ಪ್ರತಿ ಸಲವೂ ಗಾಡಿಯನ್ನು ತಪಾಸಣೆಗೆ ಒಯ್ಯಬೇಕು. 15 ವರ್ಷ ಎಣಿಸುವುದು ನೋಂದಣಿಯಾದ ದಿನದಿಂದ. ಗಾಡಿ ತಯಾರಾದ ತಿಂಗಳನ್ನು ನೋಡಿ ಗಾಬರಿಯಾಗಬೇಡಿ, ಆರ್‌ಸಿಯಲ್ಲಿ ಬರೆದಿರುವ ಕೊನೆಯ ದಿನಾಂಕ ನೋಡಿ.

ಯಾವಾಗ ಅರ್ಜಿ ಹಾಕಬೇಕು? ಫೀ ಎಷ್ಟು?

ಆರ್‌ಸಿ ಮುಗಿಯುವ 60 ದಿನ ಮೊದಲಿನಿಂದ ಅರ್ಜಿ ಹಾಕಬಹುದು. ಫಾರ್ಮ್ 25. ಸಾರಿಗೆ ಇಲಾಖೆಯ ವೆಬ್‌ಸೈಟಾದ ಪರಿವಾಹನ್ ಪೋರ್ಟಲ್‌ನಲ್ಲೇ ಅರ್ಜಿ, ಅಲ್ಲೇ ಫೀ. ಜೊತೆಗೆ ಚಾಲ್ತಿಯಲ್ಲಿರುವ ಇನ್ಶೂರೆನ್ಸ್, ಹೊಗೆ ತಪಾಸಣೆಯ ಸರ್ಟಿಫಿಕೇಟು, ಟ್ಯಾಕ್ಸ್ ಕಟ್ಟಿದ ದಾಖಲೆ ಬೇಕು. ಹಳೆ ದಂಡ ಬಾಕಿ ಇದ್ದರೆ ಮೊದಲು ಕಟ್ಟಿಬಿಡಿ. ಎಂದೋ ತೀರಿಸಿದ ಸಾಲ ಆರ್‌ಸಿಯಲ್ಲಿ ಇನ್ನೂ ಹಾಗೇ ಕೂತಿರುತ್ತದೆ. ಬ್ಯಾಂಕಿನಿಂದ ಎನ್‌ಒಸಿ ತಂದು ಅದನ್ನೂ ತೆಗೆಸಿ.

2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಸ್ವಂತ ಕಾರು, ಜೀಪುಗಳ ರಿನ್ಯೂವಲ್ ಫೀ 5,000 ರೂಪಾಯಿಗೆ ಏರಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದವಕ್ಕೆ ಅದು 10,000 ಆಯಿತು. ಅಂದರೆ 20 ವರ್ಷ ದಾಟಿದ ಬೊಲೆರೊ ಎರಡನೇ ಸಲ ಪಾಸಿಂಗ್‌ಗೆ ಬಂದಾಗ ಮೊದಲ ಸಲದ ಲೆಕ್ಕ ಹಿಡಿದು ಹೋದರೆ ಆಗುವುದಿಲ್ಲ. ಗ್ರೀನ್ ಟ್ಯಾಕ್ಸ್ ಬೇರೆ. ತಡ ಮಾಡಿದರೆ ತಿಂಗಳಿಗೆ 500 ರೂಪಾಯಿ ಹೆಚ್ಚುವರಿ. ಈ ದರಗಳು ಬದಲಾಗುತ್ತಲೇ ಇರುತ್ತವೆ, ಹಾಗಾಗಿ ಅರ್ಜಿ ಹಾಕುವ ದಿನ ಪೋರ್ಟಲ್ ತೋರಿಸುವ ಮೊತ್ತವೇ ಸರಿ.

15 ವರ್ಷ ದಾಟಿದ ಡೀಸೆಲ್ ಗಾಡಿಯನ್ನು ಗುಜರಿಗೆ ಹಾಕಲೇಬೇಕು ಅಂತಾರಲ್ಲ?

ಚಹಾ ಅಂಗಡಿಯ ಮಾತು. ಹತ್ತು ವರ್ಷದ ಡೀಸೆಲ್ ಗಾಡಿಯ ಗಲಾಟೆ ದೆಹಲಿ ಮತ್ತು ಸುತ್ತಲಿನ ಪ್ರದೇಶದ್ದು. 2023ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಸರ್ಕಾರಿ ಗಾಡಿಗಳ ನೋಂದಣಿ ರದ್ದಾಗುತ್ತಿದೆ, ಅದು ಸರ್ಕಾರಿ ಗಾಡಿಗಳಿಗೆ ಮಾತ್ರ. ಧಾರವಾಡ, ಗದಗ, ಹಾವೇರಿಯಲ್ಲಿ ನಿಮ್ಮ ಸ್ವಂತ ಜೀಪು ತಪಾಸಣೆಯಲ್ಲಿ ಪಾಸಾದರೆ ಓಡಿಸಬಹುದು. ಈ ಪುಕಾರು ನಂಬಿಸಿ ಒಳ್ಳೆ ಗಾಡಿಯನ್ನು ಕಡಿಮೆ ರೇಟಿಗೆ ಹೊಡೆಯುವವರು ಇದ್ದಾರೆ, ಹುಷಾರು.

ಬ್ರೇಕ್ ಇನ್‌ಸ್ಪೆಕ್ಟರ್ (ಗಾಡಿ ತಪಾಸಣೆ ಮಾಡುವ ಆರ್‌ಟಿಒ ಅಧಿಕಾರಿ) ನಿಜವಾಗಿ ಏನೇನು ನೋಡುತ್ತಾರೆ?

ಮೊದಲು ಚಾಸಿ ನಂಬರು, ಎಂಜಿನ್ ನಂಬರು. ಆಮೇಲೆ ಬ್ರೇಕು, ಸ್ಟೇರಿಂಗ್, ಟೈರು, ಲೈಟು, ಇಂಡಿಕೇಟರು, ಹಾರ್ನು, ವೈಪರು, ಕನ್ನಡಿ, ಗಾಜು, ಸೈಲೆನ್ಸರು, ಸ್ಪೀಡೋಮೀಟರು, ನಂಬರ್ ಪ್ಲೇಟು. ಹಳೆ ಜೀಪಿನಲ್ಲಿ ಸ್ಪೀಡೋಮೀಟರ್ ಮುಳ್ಳು ಎಂದೋ ಸತ್ತಿರುತ್ತದೆ. ಬಹಳ ಸಲ ಬರೀ ಕೇಬಲ್ ತುಂಡಾಗಿರುತ್ತದೆ, ಅದೇನು ದೊಡ್ಡ ಖರ್ಚಲ್ಲ.

ಲೈಟು ಮಂಕಾಗಿದ್ದರೆ ಬಲ್ಬ್ ಬದಲಿಸುವ ಮುಂಚೆ ಅರ್ಥ್ ವೈರ್ ನೋಡಿ. ಗಾಡಿಯ ತಗಡಿಗೆ ಅದು ಕೂರುವ ಜಾಗದಲ್ಲಿ ತುಕ್ಕು ಹಿಡಿದಿದ್ದರೆ ಹೊಸ ಬಲ್ಬು ಕೂಡ ಮಿಣುಕು ದೀಪವೇ. ಉಜ್ಜಿ, ಬೋಲ್ಟ್ ಬಿಗಿ ಮಾಡಿದರೆ ಅರ್ಧ ಸಮಸ್ಯೆ ಮುಗಿಯುತ್ತದೆ. ನಂಬರ್ ಪ್ಲೇಟಿನ ಪುಟ್ಟ ಲೈಟನ್ನು ಎಲ್ಲರೂ ಮರೆಯುತ್ತಾರೆ. ಹಾಡು ಹೇಳುವ ಹಾರ್ನ್ ಹಾಕಿಸಿದ್ದರೆ ಮನೆಯಲ್ಲೇ ಬಿಚ್ಚಿಟ್ಟು ಹೋಗಿ. ಇನ್‌ಸ್ಪೆಕ್ಟರ್‌ಗೆ ಹಾಡು ಕೇಳಿಸುವ ಅಗತ್ಯ ಇಲ್ಲ ಅಲ್ವಾ?

ಟೈರಿನ ಗುಂಡಿ, ಅಂದರೆ ಟ್ರೆಡ್ ಆಳ, ಕನಿಷ್ಠ 1.6 ಮಿ.ಮೀ. ಇರಬೇಕು. ಹೊಲಕ್ಕೆ ಹೋಗುವ ಗಾಡಿಗಳಲ್ಲಿ ಹಿಂದೆ ಒಂದು ಸೈಜು, ಮುಂದೆ ಇನ್ನೊಂದು ಸೈಜು ಹಾಕಿರುವುದನ್ನು ಕಾಣುತ್ತೇವೆ. ಫೋರ್‌ವೀಲ್ ಡ್ರೈವಿಗೆ ಇದು ಒಳಗಿನಿಂದಲೇ ಪೆಟ್ಟು. ಲಿವರ್ ಎಳೆದ ಕೂಡಲೇ ಮುಂದಿನ ಚಕ್ರಗಳೂ ಹಿಂದಿನ ಚಕ್ರಗಳೂ ಬೇರೆ ಬೇರೆ ವೇಗದಲ್ಲಿ ತಿರುಗಲು ನೋಡುತ್ತವೆ, ಗೇರುಗಳು ಅದನ್ನು ತಡೆಯುತ್ತವೆ. ಆ ಜಗ್ಗಾಟದಲ್ಲಿ ಶಾಫ್ಟಿನ ಕೀಲಾದ ಕ್ರಾಸ್ ಹೋಗುತ್ತದೆ.

ಸ್ಟೇರಿಂಗ್‌ನಲ್ಲಿ ಆಟ ಇದೆ. ಎಷ್ಟರವರೆಗೆ ನಡೆಯುತ್ತದೆ?

ನಿಯಮದ ಪ್ರಕಾರ ಸ್ಟೇರಿಂಗ್ ವೀಲಿನ ಮೇಲೆ 30 ಡಿಗ್ರಿ ಮೀರಬಾರದು. ಗಡಿಯಾರದಲ್ಲಿ ಹನ್ನೆರಡರಿಂದ ಒಂದಕ್ಕೆ ಎಷ್ಟು ದೂರವೋ ಅಷ್ಟು. ನನ್ನ ಕೇಳಿದರೆ ಅಷ್ಟೂ ಜಾಸ್ತಿಯೇ. ಲಾರಿಗಳ ನಡುವೆ ಬೈಪಾಸಿನಲ್ಲಿ ಅಂಥ ಗಾಡಿ ಓಡಿಸಲು ಎಂಟೆದೆ ಬೇಕು.

ಚಕ್ರ ನೇರ ಇಟ್ಟು ಗಾಡಿ ನಿಲ್ಲಿಸಿ. ಒಬ್ಬರು ಸ್ಟೇರಿಂಗನ್ನು ಆ ಕಡೆ ಈ ಕಡೆ ಸ್ವಲ್ಪ ಅಲುಗಾಡಿಸಲಿ. ಇನ್ನೊಬ್ಬರು ಕೆಳಗೆ ಮಲಗಿ ನೋಡಲಿ. ಪವರ್ ಸ್ಟೇರಿಂಗ್ ಇದ್ದರೆ ಎಂಜಿನ್ ಚಾಲೂ ಇರಬೇಕು, ಆಗ ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ನ್ಯೂಟ್ರಲ್‌ನಲ್ಲೇ ಇಡಿ. ಸ್ಟೇರಿಂಗ್ ಬಾಕ್ಸಿನಿಂದ ಚಕ್ರದ ಕಡೆ ಹೋಗುವ ಕಂಬಿ ಅಲುಗಿಯೂ ಚಕ್ರ ಅಲುಗದಿದ್ದರೆ ಟೈ ರಾಡ್ ಎಂಡು ಅಥವಾ ಡ್ರ್ಯಾಗ್ ಲಿಂಕಿನ ತುದಿ ಹೋಗಿದೆ. ಕಂಬಿಯೇ ಅಲುಗದಿದ್ದರೆ ತೊಂದರೆ ಸ್ಟೇರಿಂಗ್ ಬಾಕ್ಸಿನಲ್ಲಿ. ಬಾಕ್ಸಿನ ಮೇಲಿನ ಅಡ್ಜಸ್ಟ್‌ಮೆಂಟ್ ಸ್ಕ್ರೂ ತಿರುಗಿಸಿ ಆಟ ತೆಗೆಯುವ ಚಟ ಬಹಳ ಮೆಕ್ಯಾನಿಕ್‌ಗಳಿಗಿದೆ. ಅತಿಯಾಗಿ ಬಿಗಿ ಮಾಡಿದರೆ ನಡುವೆ ಹಿಡಿದುಕೊಳ್ಳುತ್ತದೆ, ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ವಾಪಸ್ ಬರುವುದಿಲ್ಲ. ಆಟ ಇರುವ ಗಾಡಿಗಿಂತ ಅದು ಅಪಾಯ. ಮೊದಲು ತುದಿಗಳು, ಕೊನೆಗೆ ಬಾಕ್ಸು.

50–60ರ ವೇಗದಲ್ಲಿ ಮುಂದಿನ ಚಕ್ರ ಗಡಗಡ ನಡುಗುತ್ತದೆ. ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗಲಿಲ್ಲ.

ಜಿಪ್ಸಿ ಮತ್ತು ಹಳೆ ಜೀಪುಗಳಲ್ಲಿ ಮೊದಲ ಅನುಮಾನ ಕಿಂಗ್ ಪಿನ್ (ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗುವ ಕೀಲು) ಬೇರಿಂಗ್ ಮೇಲೆ. ಮುಂದಿನ ಚಕ್ರ ಜಾಕ್ ಮೇಲೆ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲುಗಾಡಿಸಿ. ಆಟ ಸಿಕ್ಕಿತಾ? ಈಗ ಒಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲುಗಾಡಿಸಿ. ಆಟ ಮಾಯವಾದರೆ ಅದು ವೀಲ್ ಬೇರಿಂಗ್. ಹಾಗೇ ಉಳಿದರೆ ಕಿಂಗ್ ಪಿನ್. ಆಟ ಸ್ವಲ್ಪವೇ ಇದ್ದರೆ ಶಿಮ್ (ತೆಳು ತಗಡಿನ ಬಿಲ್ಲೆ) ತೆಗೆದು ಬಿಗಿ ಮಾಡಬಹುದು. ಬೇರಿಂಗಿನಲ್ಲಿ ಗುಳಿ ಬಿದ್ದಿದ್ದರೆ ಬದಲಿಸುವುದೇ ಸರಿ.

ಆಕ್ಸಲ್‌ನಿಂದ ಆಯಿಲ್ ಸೋರುತ್ತದೆ. ಸೀಲ್ ಹಾಕಿಸಿ ಎರಡೇ ತಿಂಗಳು, ಮತ್ತೆ ಅದೇ ಕಥೆ. ಸೀಲ್ ಡೂಪ್ಲಿಕೇಟ್ ಇರಬಹುದಾ?

ಇರಬಹುದು. ಆದರೆ ಅಂಗಡಿಯವರ ಜೊತೆ ಜಗಳಕ್ಕೆ ಹೋಗುವ ಮುಂಚೆ ಬ್ರೀದರ್ ನೋಡಿ. ಆಕ್ಸಲ್ ಹೌಸಿಂಗಿನ ಮೇಲೆ ಒಂದು ಚಿಕ್ಕ ಉಸಿರುಗಂಡಿ ಇರುತ್ತದೆ. ಗಾಡಿ ಓಡಿದಾಗ ಒಳಗಿನ ಗೇರ್ ಆಯಿಲ್ ಕಾಯುತ್ತದೆ, ಗಾಳಿ ಹಿಗ್ಗುತ್ತದೆ, ಆ ಗಂಡಿಯಿಂದ ಹೊರಗೆ ಹೋಗಬೇಕು. ನವಲಗುಂದ, ಅಣ್ಣಿಗೇರಿ, ರೋಣ, ನರಗುಂದದ ಎರೆ ಮಣ್ಣು ಎಂಥದ್ದು ನಿಮಗೆ ಗೊತ್ತು. ಮಳೆಗಾಲದಲ್ಲಿ ಒಮ್ಮೆ ಮೆತ್ತಿಕೊಂಡರೆ ಬೇಸಿಗೆಯಲ್ಲಿ ಕಲ್ಲಾಗುತ್ತದೆ. ಗಂಡಿ ಮುಚ್ಚಿತು ಅಂದರೆ ಕುಕ್ಕರಿನ ಸೀಟಿ ಕಟ್ಟಿಕೊಂಡ ಹಾಗೆ. ಒಳಗಿನ ಒತ್ತಡ ಎಲ್ಲಿ ಸಡಿಲವೋ ಅಲ್ಲಿಂದ ದಾರಿ ಮಾಡಿಕೊಳ್ಳುತ್ತದೆ, ಆ ಸಡಿಲ ಜಾಗವೇ ಸೀಲು. ಎಷ್ಟು ಒಳ್ಳೆ ಕಂಪನಿಯ ಸೀಲ್ ಹಾಕಿದರೂ ಬಹಳ ದಿನ ತಡೆಯುವುದಿಲ್ಲ. ಬ್ರೀದರ್ ಬಿಚ್ಚಿ, ಡೀಸೆಲ್‌ನಲ್ಲಿ ತೊಳೆದು, ಗಾಳಿ ಊದಿ ನೋಡಿ. ಹೊಳೆ, ಹಳ್ಳ ದಾಟುವ ಗಾಡಿಯಾದರೆ ಒಂದು ರಬ್ಬರ್ ಪೈಪ್ ಸಿಗಿಸಿ ಅದರ ತುದಿಯನ್ನು ಎತ್ತರಕ್ಕೆ ಕಟ್ಟಿಸಿ. ಬೆಣ್ಣೆಹಳ್ಳದ ನೀರು ಏರಿದಾಗ ದಾಟುವ ಸಾಹಸ ಮಾತ್ರ ಬೇಡ, ಪೈಪ್ ಇದ್ದರೂ ಸರಿ.

ಇಷ್ಟು ಉದ್ದ ಬರೆದದ್ದಕ್ಕೆ ಕಾರಣ ಇದೆ. ಹಿಂದಿನ ಆಕ್ಸಲ್ ಸೀಲ್ ಸೋರಿದರೆ ಆಯಿಲ್ ನೇರ ಬ್ರೇಕ್ ಡ್ರಮ್ಮಿಗೆ ಇಳಿಯುತ್ತದೆ. ಲೈನರ್ ಎಣ್ಣೆ ಕುಡಿಯಿತು ಅಂದರೆ ಆ ಚಕ್ರ ಹಿಡಿಯುವುದಿಲ್ಲ. ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆ ಎಳೆಯುತ್ತದೆ. ಮಾಲೀಕರಿಗೆ ಅದು ಬರೀ ಒಂದು ಸೋರಿಕೆ, ತಪಾಸಣೆಯಲ್ಲಿ ಅದು ಬ್ರೇಕ್ ಫೇಲ್. ಎಣ್ಣೆ ಕುಡಿದ ಲೈನರನ್ನು ಪೆಟ್ರೋಲ್‌ನಲ್ಲಿ ತೊಳೆದು ಮತ್ತೆ ಹಾಕುವವರು ಇದ್ದಾರೆ. ಅದು ಕಾದಾಗ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಹೊಸದು ಹಾಕಿಸಿ, ಎರಡೂ ಕಡೆ ಹಾಕಿಸಿ.

ಮುಂದಿನ ಆಕ್ಸಲ್ ಕಥೆ ಸ್ವಲ್ಪ ಬೇರೆ. ಜಿಪ್ಸಿಯಲ್ಲಿ ಚಕ್ರದ ಹಿಂದಿನ ಗುಂಡು ಭಾಗದಿಂದ ಕಪ್ಪು ನೀರಿನಂಥ ಗ್ರೀಸ್ ಇಳಿಯುತ್ತಿದ್ದರೆ ಒಳಗಿನ ಸೀಲ್ ಹೋಗಿ ಗೇರ್ ಆಯಿಲ್ ಗ್ರೀಸಿಗೆ ಸೇರಿದೆ ಎಂದರ್ಥ. ಹೊರಗಿನ ಸೀಲ್ ಮಾತ್ರ ಬದಲಿಸಿದರೆ ದುಡ್ಡು ದಂಡ.

ಬ್ರೇಕ್ ಪರೀಕ್ಷೆಗೆ ಹೋಗುವಾಗ ಫೋರ್‌ವೀಲ್ ಡ್ರೈವ್ ಗಾಡಿಯಲ್ಲಿ ವಿಶೇಷ ಎಚ್ಚರ ಏನಾದರೂ?

ಇದೆ. ಯಂತ್ರದ ಮೇಲೆ ಪರೀಕ್ಷೆ ಮಾಡುವ ಕೇಂದ್ರದಲ್ಲಿ ಎರಡು ಚಕ್ರಗಳನ್ನು ರೋಲರ್ ಮೇಲೆ ಇಡುತ್ತಾರೆ, ರೋಲರ್ ಚಕ್ರವನ್ನು ತಿರುಗಿಸುತ್ತದೆ. ಲಿವರ್ ಫೋರ್‌ವೀಲ್‌ನಲ್ಲೇ ಇದ್ದರೆ ಆ ತಿರುಗು ಟ್ರಾನ್ಸ್‌ಫರ್ ಕೇಸಿನ (ಎರಡೂ ಆಕ್ಸಲ್‌ಗೆ ಶಕ್ತಿ ಹಂಚುವ ಪೆಟ್ಟಿಗೆ) ಮೂಲಕ ಇನ್ನೊಂದು ಆಕ್ಸಲ್‌ಗೆ ಹೋಗಿ ಗಾಡಿ ರೋಲರ್ ಬಿಟ್ಟು ಮುಂದೆ ಹಾರುತ್ತದೆ. ಲಿವರನ್ನು ಟೂ-ಎಚ್‌ಗೆ, ಅಂದರೆ ಎರಡೇ ಚಕ್ರ ಎಳೆಯುವ ಸ್ಥಾನಕ್ಕೆ ಹಾಕಿ. ಜಿಪ್ಸಿಯಂತೆ ಮುಂದಿನ ಚಕ್ರದ ನಡುವೆ ಕೈಯಿಂದ ತಿರುಗಿಸುವ ಹಬ್ ಇದ್ದರೆ ಎರಡೂ ಕಡೆ ಫ್ರೀ ಮಾಡಿ. ಗಾಡಿ ಹತ್ತಿಸುವವರಿಗೆ ಬಾಯಿ ಬಿಟ್ಟು ಹೇಳಿ, ಅವರು ದಿನಾ ನೋಡುವುದು ಸಾದಾ ಕಾರುಗಳನ್ನು.

ಹಬ್ ನಿಜವಾಗಿ ಫ್ರೀ ಆಗಿದೆಯಾ ಅಂತ ಮನೆಯಲ್ಲೇ ನೋಡಬಹುದು. ಒಂದು ಮುಂದಿನ ಚಕ್ರ ಜಾಕ್ ಮೇಲೆ ಎತ್ತಿ ಕೈಯಿಂದ ತಿರುಗಿಸಿ. ಮುಂದಿನ ಪ್ರೊಪೆಲ್ಲರ್ ಶಾಫ್ಟ್ (ಟ್ರಾನ್ಸ್‌ಫರ್ ಕೇಸಿನಿಂದ ಆಕ್ಸಲ್‌ಗೆ ಹೋಗುವ ಉದ್ದ ಕಂಬಿ) ಜೊತೆಗೇ ತಿರುಗಿದರೆ ಹಬ್ ಒಳಗೆ ಜಾಮ್ ಆಗಿದೆ. ಬಿಚ್ಚಿ ತೊಳೆದರೆ ಹೆಚ್ಚಾಗಿ ಸರಿಹೋಗುತ್ತದೆ.

ಬ್ರೇಕ್ ಆಯಿಲ್ ಕೊನೆಯ ಸಲ ಯಾವಾಗ ಬದಲಿಸಿದ್ದು? ನೆನಪಿಲ್ಲ ಅಂದರೆ ಬದಲಿಸಿ. ಅದು ಗಾಳಿಯ ತೇವ ಹೀರುತ್ತದೆ, ವೀಲ್ ಸಿಲಿಂಡರ್ ಒಳಗಿನಿಂದ ತುಕ್ಕು ತಿನ್ನುತ್ತದೆ. ನಿಂತೇ ಇರುವ ಗಾಡಿಗಳಲ್ಲಿ ಇದು ಬೇಗ.

ಹ್ಯಾಂಡ್ ಬ್ರೇಕ್ ಹಿಡಿಯುವುದೇ ಇಲ್ಲ. ಹಿಂದಿನ ಲೈನರ್ ಹೊಸದು ಹಾಕಿಸಿದೆ, ಆದರೂ.

ನಿಮ್ಮದು ಹಳೆ ವಿಲ್ಲೀಸ್ ಮಾದರಿಯ ಜೀಪ್ ಆಗಿದ್ದರೆ ಹ್ಯಾಂಡ್ ಬ್ರೇಕ್ ಹಿಂದಿನ ಚಕ್ರದಲ್ಲಿ ಇರುವುದೇ ಇಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂದೆ, ಶಾಫ್ಟ್ ಹೊರಡುವ ಜಾಗದಲ್ಲಿ ಅದರ ಡ್ರಮ್ ಇದೆ. ಅಲ್ಲಿನ ಸೀಲ್ ಸೋರಿ ಡ್ರಮ್ಮಿಗೆ ಎಣ್ಣೆ ಹತ್ತಿರುತ್ತದೆ. ಸೀಲು, ಲೈನರು ಎರಡನ್ನೂ ಒಟ್ಟಿಗೆ ಮಾಡಿಸಿ.

ಚಾಸಿಗೆ ತುಕ್ಕು ಹಿಡಿದಿದೆ. ಕಪ್ಪು ಬಣ್ಣ ಹೊಡೆದು ಒಯ್ದರೆ ನಡೆಯುತ್ತಾ?

ಎಷ್ಟು ತುಕ್ಕು ಅನ್ನುವುದರ ಮೇಲಿದೆ. ಒಂದು ಸ್ಕ್ರೂಡ್ರೈವರ್ ತಗೊಂಡು ಕೆಳಗೆ ಹೋಗಿ. ಪಾಟಾ (ಪಟ್ಟಿ ಸ್ಪ್ರಿಂಗ್) ಕೂರುವ ಹ್ಯಾಂಗರ್, ಶ್ಯಾಕಲ್ ಹಿಡಿಯುವ ಜಾಗ, ಸ್ಟೇರಿಂಗ್ ಬಾಕ್ಸ್ ಬೋಲ್ಟ್ ಆಗಿರುವ ಜಾಗ, ಅಡ್ಡ ಪಟ್ಟಿಗಳು ಸೇರುವ ಮೂಲೆ, ಇಲ್ಲೆಲ್ಲ ಹಿಡಿಯಿಂದ ತಟ್ಟಿ ನೋಡಿ. ಟಣ್ ಅಂದರೆ ಗಟ್ಟಿ. ದಬ್ ಅಂದರೆ, ಅಥವಾ ತುದಿ ಒಳಗೇ ಹೋದರೆ, ಬಣ್ಣದಿಂದ ಆಗುವ ಕೆಲಸ ಅಲ್ಲ. ಮೇಲ್ಮೈ ತುಕ್ಕಾದರೆ ಬ್ರಷ್‌ನಿಂದ ಉಜ್ಜಿ, ಪ್ರೈಮರ್ ಹೊಡೆದು ಬಣ್ಣ ಹೊಡೆಯುವುದು ತಪ್ಪೇನಲ್ಲ, ಮಾಡಲೇಬೇಕಾದ್ದು. ತೂತಿನ ಮೇಲೆ ಅಂಡರ್‌ಕೋಟಿಂಗ್ ಬಳಿದು ಮುಚ್ಚುವುದು ಬೇರೆ ವಿಷಯ. ಹಳೆ ಗಾಡಿಗೆ ಹೊಸ ಅಂಡರ್‌ಕೋಟಿಂಗ್ ಕಂಡರೆ ಅನುಭವಸ್ಥ ಇನ್‌ಸ್ಪೆಕ್ಟರ್ ಮೊದಲು ಅಲ್ಲೇ ಕೆರೆದು ನೋಡುತ್ತಾರೆ.

ನಮ್ಮ ಕಡೆ ಚಾಸಿ ಹಾಳಾಗುವುದು ಮಣ್ಣು ಒಳಗೆ ಕೂತು. ಎರೆ ಮಣ್ಣು ನೀರನ್ನು ಬಹಳ ದಿನ ಹಿಡಿದಿಟ್ಟುಕೊಳ್ಳುತ್ತದೆ. ಹೊರಗೆ ತೊಳೆದು ಫಳಫಳ ಮಾಡಿದರೂ ಚಾಸಿ ಒಳಗೆ ಒಂದು ಪದರ ಹಸಿಯಾಗಿಯೇ ಇರುತ್ತದೆ. ವಾಟರ್ ಸರ್ವಿಸ್ ಮಾಡಿಸುವಾಗ ಚಾಸಿಯ ತೂತುಗಳೊಳಗೆ ಪೈಪ್ ಹಿಡಿಯಲು ಹೇಳಿ, ಕೆಳಗೆ ಬೀಳುವ ನೀರು ತಿಳಿಯಾಗುವವರೆಗೆ. ಮುಂಡರಗಿ, ಕಪ್ಪತಗುಡ್ಡದ ಕಡೆಯ ಕೆಂಪು ಧೂಳು ಈ ವಿಷಯದಲ್ಲಿ ಎಷ್ಟೋ ವಾಸಿ.

ವೆಲ್ಡಿಂಗ್ ಮಾಡಿಸಬೇಕಾದರೆ ಚಾಸಿ ಕೆಲಸ ಗೊತ್ತಿರುವವರ ಹತ್ತಿರವೇ ಹೋಗಿ, ಬ್ಯಾಟರಿ ವೈರ್ ಬಿಚ್ಚಿಸಿ, ಡೀಸೆಲ್ ಟ್ಯಾಂಕಿನ ಹತ್ತಿರ ಕೆಲಸ ಇದ್ದರೆ ಟ್ಯಾಂಕ್ ಇಳಿಸಿ.

ಚಾಸಿ ನಂಬರ್ ತುಕ್ಕಿನಲ್ಲಿ ಅಳಿಸಿಹೋಗಿದೆ. ಪಂಚ್ ಹೊಡೆಸಬಹುದಾ?

ನೀವಾಗಿ ಹೊಡೆಸಲೇಬೇಡಿ. ಅಳಿಸಿದ ನಂಬರ್ ಒಂದು ತೊಂದರೆ, ಯಾರದೋ ಕೈಯಲ್ಲಿ ಹೊಸದಾಗಿ ಹೊಡೆದ ನಂಬರ್ ಪೊಲೀಸ್ ಕೇಸು. ಮೊದಲು ಸಣ್ಣ ಎಮರಿ ಕಾಗದದಿಂದ ಮೆಲ್ಲಗೆ ಉಜ್ಜಿ, ಮೇಲೆ ಸೀಮೆಸುಣ್ಣ ಸವರಿ ನೋಡಿ. ಎಷ್ಟೋ ಸಲ ಅಕ್ಷರ ಎದ್ದು ಬರುತ್ತದೆ. ಪೆನ್ಸಿಲ್ ಪ್ರಿಂಟ್ ತೆಗೆದು ಆರ್‌ಸಿ ಜೊತೆ ಒಂದೊಂದೇ ಅಕ್ಷರ ಹೋಲಿಸಿ. ಓದಲು ಬರಲೇ ಇಲ್ಲ ಅಂದರೆ ಆರ್‌ಟಿಒಗೆ ಅರ್ಜಿ ಕೊಟ್ಟು, ಅವರು ಅನುಮತಿ ಕೊಟ್ಟ ಮೇಲೆಯೇ ಮುಂದಿನ ಮಾತು. ಗ್ರೈಂಡರ್ ಅಂತೂ ಆ ಜಾಗದ ಹತ್ತಿರ ಬರಬಾರದು.

ಹೊಗೆ ತಪಾಸಣೆಯಲ್ಲಿ ಫೇಲ್ ಆಯಿತು. ಎಂಜಿನ್ ಬಿಚ್ಚಿಸಬೇಕಾ?

ಹೊಗೆಯ ಬಣ್ಣ ನೋಡಿ ಮಾತಾಡೋಣ. ಕಪ್ಪು ಹೊಗೆ ಅಂದರೆ ಡೀಸೆಲ್ ಜಾಸ್ತಿ ಅಥವಾ ಗಾಳಿ ಕಡಿಮೆ. ಏರ್ ಫಿಲ್ಟರ್ ಮೊದಲು. ಜೋಳದ ರಾಶಿ, ಬ್ಯಾಡಗಿ ಮಾರ್ಕೆಟ್ಟಿನ ಧೂಳು ಎಲ್ಲ ಅದರೊಳಗೇ ಇರುತ್ತದೆ. ಹಳೆ ಜೀಪಿನ ಎಣ್ಣೆ ಬಟ್ಟಲಿನ ಫಿಲ್ಟರ್ ಆದರೆ ಬಟ್ಟಲು ತೊಳೆದು ಹೊಸ ಎಣ್ಣೆ ಹಾಕಿ. ಆಮೇಲೆ ನಾಝಲ್, ಪಂಪ್ ಚೆಕ್ ಮಾಡಿಸಿ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಎಂಜಿನ್ ಬಿಚ್ಚುವ ಮಾತು ಬರುವುದು ಆಗ.

ಡೀಸೆಲ್ ಗಾಡಿಗೆ ಹೊಗೆಯ ಸಾಂದ್ರತೆ ಅಳೆಯುತ್ತಾರೆ. ಬಿಎಸ್-4 (ಬಿಎಸ್ ಅಂದರೆ ಗಾಡಿಯ ಹೊಗೆಗೆ ಸರ್ಕಾರದ ಮಾನದಂಡ) ಗಾಡಿಗಿಂತ ಹಳೆಯದಕ್ಕೆ ಮಿತಿ 65 ಎಚ್‌ಎಸ್‌ಯು (ಹೊಗೆ ಸಾಂದ್ರತೆಯ ಅಳತೆ), ಬಿಎಸ್-4ಕ್ಕೆ 50. ಪೆಟ್ರೋಲ್ ಜಿಪ್ಸಿಯಲ್ಲಿ ಕಾರ್ಬನ್ ಮೊನಾಕ್ಸೈಡ್ ನೋಡುತ್ತಾರೆ: ಬಿಎಸ್-2, ಬಿಎಸ್-3 ಗಾಡಿಗೆ 0.5 ಪರ್ಸೆಂಟ್ ಒಳಗೆ. ಡೀಸೆಲ್ ಗಾಡಿಯ ಪರೀಕ್ಷೆಯಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತುತ್ತಾರೆ, ಅದಕ್ಕೆ ಆಯಿಲ್ ಮಟ್ಟ ನೋಡಿಕೊಂಡೇ ಹೋಗಿ. ಎಂಜಿನ್ ತಣ್ಣಗಿರುವಾಗ ಹೋಗಬೇಡಿ. ಸ್ವಲ್ಪ ದೂರ ಓಡಿಸಿ ಚೆನ್ನಾಗಿ ಕಾಯಿಸಿ ಹೋದರೆ ರೀಡಿಂಗ್ ಇಳಿಯುತ್ತದೆ. ಬಿಎಸ್-4ಕ್ಕಿಂತ ಹಳೆ ಗಾಡಿಯ ಸರ್ಟಿಫಿಕೇಟ್ ಆರು ತಿಂಗಳಿಗೆ ಮಾತ್ರ.

ಬೇರೆ ಎಂಜಿನ್ ಕೂರಿಸಿದ್ದೇನೆ, ದಪ್ಪ ಟೈರು, ಮುಂದೆ ಕಬ್ಬಿಣದ ಗಾರ್ಡು ಇದೆ. ಏನಾಗುತ್ತದೆ?

ಗಾರ್ಡು ಬಿಚ್ಚಿ. ಕ್ರ್ಯಾಶ್ ಗಾರ್ಡ್ ಹಾಕುವುದು ಕಾನೂನಿಗೆ ವಿರುದ್ಧ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. ಗಾಜಿನ ಕಪ್ಪು ಫಿಲ್ಮ್ ಮೇಲೆ 2012ರಲ್ಲೇ ಸುಪ್ರೀಂ ಕೋರ್ಟ್ ಆದೇಶ ಇದೆ, ಕೀಳಿಸಿ. ಟೈರು, ರಿಮ್ಮು ಕಂಪನಿ ಹೇಳಿದ ಸೈಜಿಗೆ ತನ್ನಿ.

ಎಂಜಿನ್ ವಿಷಯ ಗಂಭೀರ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕಂಪನಿಯ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸುವಂತಿಲ್ಲ ಎಂದು ಹೇಳಿತು. ಅದೇ ಮಾಡೆಲ್, ಅದೇ ಇಂಧನದ ಎಂಜಿನ್ ಅನುಮತಿ ಪಡೆದು ಹಾಕಿಸಿ ಆರ್‌ಸಿಯಲ್ಲಿ ಬರೆಸಿದ್ದರೆ ಚಿಂತೆ ಇಲ್ಲ. ಪೆಟ್ರೋಲ್ ಜೀಪಿಗೆ ಎಲ್ಲಿಂದಲೋ ತಂದ ಡೀಸೆಲ್ ಎಂಜಿನ್ ಕೂರಿಸಿ ಕಾಗದ ಮಾಡಿಸದೆ ಬಿಟ್ಟಿದ್ದರೆ ಎಂಜಿನ್ ನಂಬರ್ ನೋಡಿದ ಕೂಡಲೇ ಕೆಲಸ ನಿಲ್ಲುತ್ತದೆ. ಇಂಥ ಜೀಪನ್ನು ಕೊಳ್ಳುವ ಮುಂಚೆಯೇ ನಂಬರ್ ನೋಡಿ. "ಅದೇನ್ ಆಗಂಗಿಲ್ಲ ತಗೋರಿ ಅಣ್ಣಾರ" ಎಂದು ಮಾರಿದವರು ಪಾಸಿಂಗ್ ದಿನ ಫೋನ್ ಎತ್ತುವುದಿಲ್ಲ.

ಫೋರ್‌ವೀಲ್ ಕೆಲಸವೇ ಮಾಡುವುದಿಲ್ಲ. ಅದಕ್ಕೂ ಫೇಲ್ ಮಾಡುತ್ತಾರಾ?

ಲಿವರ್ ಹಾಕಿ ನಾಲ್ಕೂ ಚಕ್ರ ಎಳೆಯುತ್ತಾ ಅಂತ ನೋಡುವುದು ತಪಾಸಣೆಯ ಪಟ್ಟಿಯಲ್ಲಿ ಇಲ್ಲ. ಮೈಲೇಜಿಗಾಗಿ ಮುಂದಿನ ಶಾಫ್ಟ್ ಬಿಚ್ಚಿಟ್ಟವರು ಮಾತ್ರ ಅದನ್ನು ಮತ್ತೆ ಹಾಕಿಕೊಂಡು ಹೋಗುವುದು ಒಳ್ಳೆಯದು.

ಆರ್‌ಸಿ ಮುಗಿದು ವರ್ಷವಾಯಿತು. ಊರಿಂದ ಆರ್‌ಟಿಒವರೆಗೆ ಓಡಿಸಿಕೊಂಡು ಹೋಗಬಹುದಾ?

ನೋಂದಣಿ ಇಲ್ಲದ ಗಾಡಿ ರಸ್ತೆಗೆ ಇಳಿಸುವಂತಿಲ್ಲ. ಮೊದಲ ಸಲ ಸಿಕ್ಕಿದರೆ ದಂಡ 5,000 ರೂಪಾಯಿವರೆಗೆ ಇದೆ. ದಾರಿಯಲ್ಲಿ ಅಪಘಾತವಾದರೆ ಇನ್ಶೂರೆನ್ಸ್ ಕಂಪನಿಗೂ ಒಂದು ನೆಪ ಸಿಗುತ್ತದೆ. ಅರ್ಜಿ ಹಾಕಿ, ಫೀ ಕಟ್ಟಿ, ಗಾಡಿಯನ್ನು ಬೇರೆ ವಾಹನದ ಮೇಲೆ ಹೇರಿಕೊಂಡು ಹೋಗುವುದೇ ಸುರಕ್ಷಿತ.

ಗಾಡಿ ಬೆಳಗಾವಿ ನಂಬರಿನದು, ನಾನಿರುವುದು ಹಾವೇರಿಯಲ್ಲಿ. ಎಲ್ಲಿ ಮಾಡಿಸಲಿ?

ನೀವು ವಾಸವಿರುವ ಅಥವಾ ಗಾಡಿ ಇಟ್ಟಿರುವ ಜಾಗದ ಕಚೇರಿಯಲ್ಲಿ. ಧಾರವಾಡದ ಕೆಎ-25, ಹುಬ್ಬಳ್ಳಿಯ ಕೆಎ-63, ಗದಗಿನ ಕೆಎ-26, ಹಾವೇರಿಯ ಕೆಎ-27, ರಾಣೆಬೆನ್ನೂರಿನ ಕೆಎ-68 ಬೇರೆ ಬೇರೆ ಕಚೇರಿಗಳು. ವಿಳಾಸ ಬದಲಾವಣೆಯನ್ನು ಮೊದಲು ಮಾಡಿಸಿಕೊಳ್ಳಿ. ಗೋವಾ, ಮಹಾರಾಷ್ಟ್ರ ನಂಬರಿನ ಗಾಡಿಯಾದರೆ ಎನ್‌ಒಸಿ, ಕರ್ನಾಟಕದ ಟ್ಯಾಕ್ಸು ಎಲ್ಲ ಸೇರುತ್ತದೆ. ಆ ಲೆಕ್ಕ ಹಾಕಿದ ಮೇಲೆಯೇ ಗಾಡಿ ಕೊಳ್ಳಬೇಕೋ ಬೇಡವೋ ನೋಡಿ.

ಏಜೆಂಟ್ ಇಲ್ಲದೆ ಆಗುತ್ತಾ?

ಆಗುತ್ತದೆ. ಏಜೆಂಟ್ ಬೇಕೇ ಬೇಕು ಅನ್ನಿಸಿದರೆ ಆನ್‌ಲೈನ್ ರಸೀದಿ ಕೇಳಿ ಪಡೆಯಿರಿ. ಸರ್ಕಾರದ ಫೀ ಎಷ್ಟು, ಅವರ ಕೂಲಿ ಎಷ್ಟು ಅನ್ನುವುದು ಆಗ ಕಾಣುತ್ತದೆ.

ಫೇಲ್ ಆದರೆ?

ಏನೇನು ಕಾರಣ ಅಂತ ಬರೆದು ಕೊಡಲು ಕೇಳಿ. ಬಾಯಿ ಮಾತಿನಲ್ಲಿ "ಬ್ರೇಕ್ ಸರಿ ಇಲ್ಲ" ಎಂದು ಕೇಳಿಕೊಂಡು ಬಂದರೆ ಗ್ಯಾರೇಜಿನವರು ಬೇಕಿಲ್ಲದ್ದನ್ನೆಲ್ಲ ಬದಲಿಸುತ್ತಾರೆ. ಬರೆದದ್ದನ್ನು ಮಾತ್ರ ಮಾಡಿಸಿ, ಬಿಲ್ ಇಟ್ಟುಕೊಂಡು ಮತ್ತೆ ತೋರಿಸಿ.

ಹಳದಿ ಬೋರ್ಡಿನ ಜೀಪಿಗೆ?

ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಆಮೇಲೆ ಪ್ರತಿ ವರ್ಷ. ಮೇಲೆ ಹೇಳಿದ ಯಾಂತ್ರಿಕ ಮಾತುಗಳೆಲ್ಲ ಅದಕ್ಕೂ ಸೇರುತ್ತವೆ. ಎಫ್‌ಸಿ ತಡವಾದರೆ ಹೆಚ್ಚುವರಿ ಫೀ ದಿನದ ಲೆಕ್ಕದಲ್ಲಿ ಏರುತ್ತದೆ, ತಿಂಗಳ ಲೆಕ್ಕದಲ್ಲಿ ಅಲ್ಲ.

ಪಾಸಾಯಿತು. ಹೊಸ ಆರ್‌ಸಿ ಬಂತು. ಇನ್ನೇನಾದರೂ ಇದೆಯಾ?

ಹೊಸ ಆರ್‌ಸಿಯಲ್ಲಿ ಕೊನೆಯ ದಿನಾಂಕ, ಎಂಜಿನ್ ನಂಬರ್, ಸೀಟಿನ ಸಂಖ್ಯೆ, ಇಂಧನ ಸರಿಯಾಗಿದೆಯಾ ನೋಡಿ. ತಪ್ಪಿದ್ದರೆ ಈಗಲೇ ತಿದ್ದಿಸಿ, ಐದು ವರ್ಷದ ನಂತರ ಅದನ್ನು ನಿಮ್ಮ ತಪ್ಪು ಅನ್ನುತ್ತಾರೆ. ಒಂದು ಪ್ರತಿಯನ್ನು ಇನ್ಶೂರೆನ್ಸ್ ಕಂಪನಿಗೂ ಕಳಿಸಿ.